ಹೊಸ ವೈಡ್ ರಿಸೀವರ್ ಮೇಲೆ ಎಷ್ಟು ಆಸೆ ಇಡಬೇಕು? ನಾಲ್ಕು ಅಳತೆಗೋಲು, ಒಂದು ಹೋಲಿಕೆ

2024ರ ಸೆಪ್ಟೆಂಬರ್ 8, ಭಾನುವಾರ. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಅರಿಜೋನಾ ಕಾರ್ಡಿನಲ್ಸ್ ತಂಡ ಬಫಲೋದಲ್ಲಿ ಸೀಸನ್ನಿನ ಮೊದಲ ಪಂದ್ಯ ಆಡುತ್ತಿತ್ತು. ಫೀನಿಕ್ಸ್‌ನಲ್ಲಿ ಆಗ ಬೆಳಗ್ಗೆ ಹತ್ತು ಗಂಟೆ. ಗೆಳೆಯನ ಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಾವು ನಾಲ್ಕು ಜನ ಟಿವಿ ಮುಂದೆ ಕೂತಿದ್ದೆವು. ಎಲ್ಲರ ಕಣ್ಣೂ 18ನೇ ನಂಬರಿನ ಮೇಲೆ. ಆ ವರ್ಷದ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವುದು) ನಾಲ್ಕನೆಯವನಾಗಿ ಆಯ್ಕೆಯಾದ ಮಾರ್ವಿನ್ ಹ್ಯಾರಿಸನ್ ಜೂನಿಯರ್. ಅಪ್ಪ ಹಾಲ್ ಆಫ್ ಫೇಮ್ ಆಟಗಾರ. ಪಂದ್ಯ ಮುಗಿದಾಗ ಹುಡುಗನ ಲೆಕ್ಕ ಹೀಗಿತ್ತು: ಒಂದು ಕ್ಯಾಚ್, ನಾಲ್ಕು ಯಾರ್ಡ್. "ನಾಲ್ಕನೇ ನಂಬರ್ ಅಂತ ತಗೊಂಡ್ರು, ನಾಲ್ಕೇ ಯಾರ್ಡ್ ಓಡಿದಾನಲ್ಲೋ" ಅಂತ ಗೆಳೆಯ ತಟ್ಟೆ ಕೆಳಗಿಟ್ಟ. ತಂಡ 34-28ರಲ್ಲಿ ಸೋತಿತ್ತು, ಆ ಬೇಸರವೂ ಸೇರಿತ್ತು.

ಮುಂದಿನ ಭಾನುವಾರ ಅದೇ ನಾಲ್ವರು ಗ್ಲೆಂಡೇಲ್‌ನ ಸ್ಟೇಡಿಯಂನಲ್ಲಿದ್ದೆವು. ಎದುರಾಳಿ ಲಾಸ್ ಏಂಜಲೀಸ್ ರ‍್ಯಾಮ್ಸ್. ಮೊದಲ ಕ್ವಾರ್ಟರ್ ಮುಗಿಯುವ ಹೊತ್ತಿಗೆ ಅದೇ ಹುಡುಗ 4 ಕ್ಯಾಚ್ ಹಿಡಿದು, 130 ಯಾರ್ಡ್ ಗಳಿಸಿ, ಎರಡು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೇ ಗೆರೆ ದಾಟಿಸುವುದು) ಹೊಡೆದಿದ್ದ. ತಟ್ಟೆ ಕೆಳಗಿಟ್ಟಿದ್ದ ಗೆಳೆಯ ಈಗ ಕುರ್ಚಿ ಮೇಲೆ ನಿಂತಿದ್ದ.

ಏಳು ದಿನದಲ್ಲಿ ಹುಡುಗ ಬದಲಾಗಿರಲಿಲ್ಲ. ನಾವು ಅವನನ್ನು ಅಳೆಯುವ ಕೋಲು ಸರಿ ಇರಲಿಲ್ಲ, ಅಷ್ಟೇ. ಅಮೆರಿಕನ್ ಫುಟ್‌ಬಾಲ್ ನೋಡುವ ಕನ್ನಡದವರು ಈಗ ಜಾಸ್ತಿಯಾಗಿದ್ದಾರೆ. ಇಲ್ಲಿ ನೆಲೆಸಿದವರು ಹೇಗೂ ನೋಡುತ್ತಾರೆ. ಊರಿನಲ್ಲಿ ಭಾನುವಾರ ರಾತ್ರಿ ಹತ್ತೂವರೆಗೆ ಫೋನ್ ಹಿಡಿದು ಕೂರುವವರೂ ಇದ್ದಾರೆ. ಪ್ರತಿ ಏಪ್ರಿಲ್‌ನಲ್ಲಿ ಡ್ರಾಫ್ಟ್ ಮುಗಿದ ಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: ನಮ್ಮ ತಂಡದ ಹೊಸ ವೈಡ್ ರಿಸೀವರ್‌ನಿಂದ ಎಷ್ಟು ನಿರೀಕ್ಷೆ ಮಾಡಬಹುದು? ಇದಕ್ಕೆ ಜನ ಬಳಸುವ ಅಳತೆಗಳು ಮುಖ್ಯವಾಗಿ ನಾಲ್ಕು. ಆಯ್ಕೆಯ ನಂಬರ್, ಸಾವಿರ ಯಾರ್ಡಿನ ಗುರಿ, ಚೆಂಡು ಎಸೆಯುವವನು ಯಾರು ಅನ್ನೋದು, ಮತ್ತು ಹುಡುಗನಿಗೆ ಎಷ್ಟು ಅವಕಾಶ ಸಿಗುತ್ತಿದೆ ಅನ್ನೋದು. ನಾನು ನಾಲ್ಕನೆಯದನ್ನೇ ಆರಿಸಿಕೊಂಡಿದ್ದೇನೆ. ಉಳಿದ ಮೂರು ಎಲ್ಲಿ ಕೆಲಸ ಮಾಡುತ್ತವೆ, ಎಲ್ಲಿ ಕೈಕೊಡುತ್ತವೆ ಅಂತ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಈ ಆಟಕ್ಕೆ ಹೊಸಬರಾಗಿದ್ದರೆ ಒಂದು ಮಾತು. ವೈಡ್ ರಿಸೀವರ್ ಅಂದರೆ ಅಂಗಳದ ಅಂಚಿನ ಕಡೆ ನಿಂತು, ಆಟ ಶುರುವಾದ ಕೂಡಲೇ ಮೊದಲೇ ಗೊತ್ತು ಮಾಡಿದ ದಾರಿಯಲ್ಲಿ ಓಡಿ, ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಹಿಡಿಯುವವನು. ಆ ದಾರಿಗೆ ರೂಟ್ ಅನ್ನುತ್ತಾರೆ. ಅವನ ಕಡೆಗೆ ಎಸೆದ ಪ್ರತಿ ಚೆಂಡೂ ಒಂದು ಟಾರ್ಗೆಟ್. ಹಿಡಿದ ಚೆಂಡಿನಿಂದ ತಂಡ ಎಷ್ಟು ಮುಂದೆ ಹೋಯಿತೋ ಅಷ್ಟು ಯಾರ್ಡ್ ಅವನ ಲೆಕ್ಕಕ್ಕೆ. ಕ್ರಿಕೆಟ್‌ನಲ್ಲಿ ಕ್ರೀಸಿಗೆ ಬಂದ ಹೊಸ ಬ್ಯಾಟರ್‌ಗೆ ಚೆಂಡು ಬಂದೇ ಬರುತ್ತದೆ. ಆಡುವುದು ಬಿಡುವುದು ಅವನ ಕೈಯಲ್ಲಿದೆ. ಇಲ್ಲಿ ಹಾಗಲ್ಲ. ಇಡೀ ಮಧ್ಯಾಹ್ನ ಚೆನ್ನಾಗಿ ಓಡಿದರೂ ಚೆಂಡು ಈ ಕಡೆ ತಿರುಗದೇ ಇರಬಹುದು. ಈ ಒಂದು ವ್ಯತ್ಯಾಸ ತಲೆಯಲ್ಲಿದ್ದರೆ ಅರ್ಧ ಬೇಸರ ತಪ್ಪುತ್ತದೆ.

ಆಯ್ಕೆಯ ನಂಬರ್ ನಂಬಬಹುದಾ?

32 ತಂಡಗಳು ಏಳು ಸುತ್ತುಗಳಲ್ಲಿ ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. ಮೊದಲು ಆಯ್ಕೆಯಾದವನು ಜಾಸ್ತಿ ಆಡಬೇಕು ಅಂತ ನಮಗೆ ಅನ್ನಿಸುವುದು ಸಹಜ. ಆದರೆ 2020ರ ಕಥೆ ಕೇಳಿ. ಫಿಲಡೆಲ್ಫಿಯಾ ಈಗಲ್ಸ್ 21ನೇ ಆಯ್ಕೆಯಲ್ಲಿ ಜೇಲನ್ ರೇಗರ್ ಎಂಬ ರಿಸೀವರ್‌ನನ್ನು ತೆಗೆದುಕೊಂಡಿತು. ಮುಂದಿನ ಆಯ್ಕೆಯಲ್ಲೇ ಮಿನೆಸೋಟ ವೈಕಿಂಗ್ಸ್ ಜಸ್ಟಿನ್ ಜೆಫರ್ಸನ್‌ನನ್ನು ಆರಿಸಿತು. ಮೊದಲ ವರ್ಷ ರೇಗರ್ 31 ಕ್ಯಾಚ್, 396 ಯಾರ್ಡ್. ಜೆಫರ್ಸನ್ 88 ಕ್ಯಾಚ್, 1,400 ಯಾರ್ಡ್. ಎರಡು ವರ್ಷದ ನಂತರ ರೇಗರ್‌ನನ್ನು ಈಗಲ್ಸ್ ಕಳಿಸಿಕೊಟ್ಟಿದ್ದು ಅದೇ ವೈಕಿಂಗ್ಸ್‌ಗೆ. ಈಗಲ್ಸ್ ಅಭಿಮಾನಿಗಳು ಆ ಹುಡುಗನ ಒಂದೊಂದು ಆಟವನ್ನೂ ಜೆಫರ್ಸನ್ ಜೊತೆ ತೂಗಿ ನೋಡಿದರು. ಅವನು ತನ್ನನ್ನು ತಾನು ಆರಿಸಿಕೊಂಡಿರಲಿಲ್ಲ, ಅಲ್ವಾ?

2017 ಇನ್ನೂ ಕಷ್ಟದ ವರ್ಷ. ಮೊದಲ ಒಂಬತ್ತು ಆಯ್ಕೆಗಳಲ್ಲಿ ಮೂವರು ರಿಸೀವರ್‌ಗಳು: ಕೋರಿ ಡೇವಿಸ್, ಮೈಕ್ ವಿಲಿಯಮ್ಸ್, ಜಾನ್ ರಾಸ್. 40 ಯಾರ್ಡ್ ಓಟವನ್ನು 4.22 ಸೆಕೆಂಡಿನಲ್ಲಿ ಮುಗಿಸಿ ಆಗಿನ ದಾಖಲೆ ಮುರಿದಿದ್ದ ರಾಸ್ ಮೊದಲ ವರ್ಷ ಒಂದೇ ಒಂದು ಕ್ಯಾಚ್ ಹಿಡಿಯಲಿಲ್ಲ. ಮೂವರನ್ನೂ ಗಾಯ ಕಾಡಿತು. ಮೂವರದ್ದೂ ಸೇರಿಸಿದರೆ 45 ಕ್ಯಾಚ್, 470 ಯಾರ್ಡ್. ಅದೇ ವರ್ಷ 69ನೇ ಆಯ್ಕೆಯ ಕೂಪರ್ ಕಪ್ ಒಬ್ಬನೇ 62 ಕ್ಯಾಚ್, 869 ಯಾರ್ಡ್ ಗಳಿಸಿದ.

ಇನ್ನು ಪುಕಾ ನಕುವಾ. 2023ರಲ್ಲಿ ಐದನೇ ಸುತ್ತಿನ 177ನೇ ಆಯ್ಕೆ. ಅವನಿಗಿಂತ ಮೊದಲು 176 ಹೆಸರು ಕೂಗಿದ್ದರು. ಸೀಸನ್ ಮುಗಿದಾಗ 105 ಕ್ಯಾಚ್, 1,486 ಯಾರ್ಡ್. 1960ರಲ್ಲಿ ಹ್ಯೂಸ್ಟನ್ ಆಯಿಲರ್ಸ್‌ನ ಬಿಲ್ ಗ್ರೋಮನ್ ಬರೆದಿದ್ದ 1,473 ಯಾರ್ಡಿನ ರೂಕಿ (ಮೊದಲ ವರ್ಷದ ಆಟಗಾರ) ದಾಖಲೆ 63 ವರ್ಷದ ನಂತರ ಮುರಿಯಿತು.

ಹಾಗಂತ ಆಯ್ಕೆಯ ನಂಬರ್ ಪೂರ್ತಿ ದಂಡ ಅಲ್ಲ. ಅದು ಹುಡುಗ ಎಷ್ಟು ಆಡುತ್ತಾನೆ ಅಂತ ಹೇಳುವುದಿಲ್ಲ. ತಂಡ ಅವನಿಗಾಗಿ ಎಷ್ಟು ದಿನ ಕಾಯುತ್ತದೆ ಅಂತ ಹೇಳುತ್ತದೆ. ಮೊದಲ ಸುತ್ತಿನವನಿಗೆ ನಾಲ್ಕು ವರ್ಷದ ಒಪ್ಪಂದ, ಮೇಲೆ ಐದನೇ ವರ್ಷಕ್ಕೆ ಉಳಿಸಿಕೊಳ್ಳುವ ಹಕ್ಕು ತಂಡಕ್ಕಿರುತ್ತದೆ. ಅವನು ಎರಡು ಚೆಂಡು ಕೈಬಿಟ್ಟರೂ ಮೂರನೆಯದು ಅವನ ಕಡೆಗೇ ಬರುತ್ತದೆ. ಆರನೇ ಸುತ್ತಿನವನು ಎರಡು ಕೈಬಿಟ್ಟರೆ ಮುಂದಿನ ವಾರ ಬೆಂಚಿನ ಮೇಲೆ.

ಸಾವಿರ ಯಾರ್ಡ್ ಅನ್ನುವ ಗೆರೆ

ಇದು ಎಲ್ಲಕ್ಕಿಂತ ಸುಲಭದ ಅಳತೆ. ಅದಕ್ಕೇ ಎಲ್ಲರ ಬಾಯಲ್ಲೂ ಇದೆ. ಸಾವಿರ ದಾಟಿದರೆ ಪಾಸು, ಇಲ್ಲದಿದ್ದರೆ ಫೇಲು. ಆದರೆ ಆ ಗೆರೆಯೇ ವರ್ಷಗಳಲ್ಲಿ ಜರುಗಿದೆ. ಗ್ರೋಮನ್ ಕಾಲದಲ್ಲಿ 14 ಪಂದ್ಯ. ಸಾವಿರ ದಾಟಲು ಪಂದ್ಯಕ್ಕೆ 71ಕ್ಕೂ ಜಾಸ್ತಿ ಯಾರ್ಡ್ ಬೇಕಿತ್ತು. 2021ರಿಂದ 17 ಪಂದ್ಯ. ಈಗ 59 ಸಾಕು. ಗ್ರೋಮನ್ ಪಂದ್ಯಕ್ಕೆ 105 ಯಾರ್ಡ್ ಲೆಕ್ಕದಲ್ಲಿ ಓಡಿದ್ದ, ನಕುವಾ 87. ದಾಖಲೆ ಪುಸ್ತಕ ಒಟ್ಟು ಮೊತ್ತವನ್ನಷ್ಟೇ ನೋಡುತ್ತದೆ. 2014ರಲ್ಲಿ ಒಡೆಲ್ ಬೆಕಮ್ ಜೂನಿಯರ್ ತೊಡೆಯ ನೋವಿನಿಂದ ಮೊದಲ ನಾಲ್ಕು ಪಂದ್ಯ ಆಡಲೇ ಇಲ್ಲ. ಉಳಿದ 12ರಲ್ಲಿ 1,305 ಯಾರ್ಡ್, 12 ಟಚ್‌ಡೌನ್. ನನ್ನ ಕಣ್ಣಲ್ಲಿ ಅದಕ್ಕಿಂತ ದೊಡ್ಡ ರೂಕಿ ಸೀಸನ್ ಇನ್ನೂ ಬಂದಿಲ್ಲ.

ಸಾವಿರದ ಕೆಳಗೆ ಉಳಿದವರ ಪಟ್ಟಿ ನೋಡಿದರೆ ಈ ಅಳತೆಯ ಮೇಲಿನ ನಂಬಿಕೆ ಇನ್ನೂ ಸಡಿಲವಾಗುತ್ತದೆ. ಕ್ಯಾಲ್ವಿನ್ ಜಾನ್ಸನ್ ಮೊದಲ ವರ್ಷ 756. ಲ್ಯಾರಿ ಫಿಟ್ಜ್‌ಜೆರಾಲ್ಡ್ 780. ಡವಾಂಟೆ ಆಡಮ್ಸ್ 446, ಎರಡನೇ ವರ್ಷವೂ 483 ಅಷ್ಟೇ. ಮೂರನೇ ವರ್ಷ ಆಡಮ್ಸ್ 997 ಯಾರ್ಡ್, 12 ಟಚ್‌ಡೌನ್ ಗಳಿಸಿ ಅರಳಿಕೊಂಡ. ಎರಡನೇ ವರ್ಷವೇ "ಇವನು ಆಗಲ್ಲ" ಅಂತ ಬರೆದುಕೊಂಡವರು ಎಷ್ಟು ಜನ ಇದ್ದರೋ.

ತಿರುಗಿ ನೋಡಿದರೆ ಮೈಕಲ್ ಕ್ಲೇಟನ್ ಇದ್ದಾನೆ. 2004ರಲ್ಲಿ ಟ್ಯಾಂಪಾ ಬೇಗೆ ಮೊದಲ ವರ್ಷವೇ 80 ಕ್ಯಾಚ್, 1,193 ಯಾರ್ಡ್. ಅದಾದ ಮೇಲೆ ಯಾವ ವರ್ಷವೂ 500 ದಾಟಲಿಲ್ಲ. ಮೊದಲ ವರ್ಷದ ಸಾವಿರ ಕೈಗೆ ಬಂದ ಬೆಳೆ. ಮುಂದಿನ ವರ್ಷದ ಮಳೆಯ ಬಗ್ಗೆ ಅದು ಏನೂ ಹೇಳುವುದಿಲ್ಲ.

ಹ್ಯಾರಿಸನ್ ಮನೆಯ ಲೆಕ್ಕ ನನಗೆ ತುಂಬಾ ಇಷ್ಟ. ಮಗ 2024ರಲ್ಲಿ 62 ಕ್ಯಾಚ್, 885 ಯಾರ್ಡ್, 8 ಟಚ್‌ಡೌನ್ ಗಳಿಸಿದ. ಇಲ್ಲಿ ಎಷ್ಟೋ ಜನ ಮುಖ ಸಿಂಡರಿಸಿದರು. ಅಪ್ಪ 1996ರಲ್ಲಿ ರೂಕಿಯಾಗಿದ್ದಾಗ? 64 ಕ್ಯಾಚ್, 836 ಯಾರ್ಡ್, 8 ಟಚ್‌ಡೌನ್. ಹೆಚ್ಚೂಕಮ್ಮಿ ಒಂದೇ ಅಚ್ಚು. ಅಪ್ಪ ಮೊದಲ ಬಾರಿ ಸಾವಿರ ದಾಟಿದ್ದು ನಾಲ್ಕನೇ ವರ್ಷ, 1999ರಲ್ಲಿ. ಆಗ ಒಮ್ಮೆಲೇ 1,663ಕ್ಕೆ ಹಾರಿದ. ಅದಕ್ಕೆ ಹಿಂದಿನ ವರ್ಷವಷ್ಟೇ ಪೇಟನ್ ಮ್ಯಾನಿಂಗ್ ಎಂಬ ಕ್ವಾರ್ಟರ್‌ಬ್ಯಾಕ್ ಆ ತಂಡಕ್ಕೆ ಬಂದಿದ್ದ. ಅಪ್ಪನ ಹೆಸರು ಹೇಳಿ ಮಗನನ್ನು ಬೈಯುವವರು ಅಪ್ಪನ ಮೊದಲ ಮೂರು ವರ್ಷ ನೋಡಿದರೆ ಸಾಕು.

ಬಡಿಸುವವರು ಯಾರು, ಪಂಕ್ತಿಯಲ್ಲಿ ಎಷ್ಟು ಎಲೆ

ಬಡಿಸುವವರು ನಮ್ಮವರಾದರೆ ಕೊನೇ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಅನ್ನುತ್ತಾರಲ್ಲ, ಅದು ಈ ಆಟಕ್ಕೇ ಹೇಳಿದ ಹಾಗಿದೆ. 2021ರಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ಐದನೇ ಆಯ್ಕೆಯಲ್ಲಿ ಜಮಾರ್ ಚೇಸ್‌ನನ್ನು ತಂದಿತು. ಅಲ್ಲಿ ಚೆಂಡು ಎಸೆಯುವವನು ಜೋ ಬರೋ. ಇಬ್ಬರೂ ಎಲ್‌ಎಸ್‌ಯು ಕಾಲೇಜಿನಲ್ಲಿ ಒಂದೇ ತಂಡ. ಚೇಸ್ ಎಲ್ಲಿ ತಿರುಗುತ್ತಾನೆ ಅಂತ ಬರೋಗೆ ಕಣ್ಣು ಮುಚ್ಚಿದರೂ ಗೊತ್ತು. ಮೊದಲ ವರ್ಷ 81 ಕ್ಯಾಚ್, 1,455 ಯಾರ್ಡ್, 13 ಟಚ್‌ಡೌನ್. ಕಾನ್ಸಾಸ್ ಸಿಟಿ ವಿರುದ್ಧ ಒಂದೇ ಪಂದ್ಯದಲ್ಲಿ 266 ಯಾರ್ಡ್.

ಆದರೆ ಬಡಿಸುವವನು ಚೆನ್ನಾಗಿದ್ದರೆ ಸಾಲದು. ಪಂಕ್ತಿಯಲ್ಲಿ ಎಷ್ಟು ಜನ ಕೂತಿದ್ದಾರೆ ಅನ್ನೋದೂ ಮುಖ್ಯ. ಆಡಮ್ಸ್ 2014ರಲ್ಲಿ ಗ್ರೀನ್ ಬೇಗೆ ಬಂದಾಗ ಎಸೆಯುವವನು ಏರನ್ ರಾಡ್ಜರ್ಸ್. ಅವನಿಗಿಂತ ಒಳ್ಳೆಯವನು ಬೇಕೇ? ಆದರೆ ಮುಂದಿನ ಎರಡು ಎಲೆ ಜೋರ್ಡಿ ನೆಲ್ಸನ್, ರಾಂಡಲ್ ಕಾಬ್ ಅವರದ್ದು. 2023ರಲ್ಲಿ ಸಿಯಾಟಲ್‌ಗೆ ಬಂದ ಜ್ಯಾಕ್ಸನ್ ಸ್ಮಿತ್-ನ್ಜಿಗ್ಬಾ ಮುಂದೆ ಡಿಕೆ ಮೆಟ್‌ಕಾಫ್, ಟೈಲರ್ ಲಾಕೆಟ್ ಇದ್ದರು. ಮೊದಲ ವರ್ಷ 63 ಕ್ಯಾಚ್, 628 ಯಾರ್ಡ್. ಮುಂದಿನ ವರ್ಷ ಅವನ ಕಡೆಗೆ ಚೆಂಡು ಬರಲು ಶುರುವಾಯಿತು. 100 ಕ್ಯಾಚ್, 1,130 ಯಾರ್ಡ್. ಚಿಕಾಗೋದ ರೋಮ್ ಒಡೂನ್ಝೆಗೆ ಎರಡೂ ಕಷ್ಟ. ಪಕ್ಕದಲ್ಲಿ ಡಿಜೆ ಮೂರ್, ಕೀನನ್ ಆಲೆನ್. ಎಸೆಯುವ ಕೇಲಬ್ ವಿಲಿಯಮ್ಸ್ ಕೂಡ ರೂಕಿ. ಆ ಸೀಸನ್ನಿನಲ್ಲಿ ಎದುರಾಳಿಗಳು ವಿಲಿಯಮ್ಸ್‌ನನ್ನು ಚೆಂಡು ಎಸೆಯುವ ಮೊದಲೇ 68 ಸಲ ನೆಲಕ್ಕೆ ಕೆಡವಿದರು. ರಿಸೀವರ್ ಆಚೆ ಕಡೆ ಎಷ್ಟು ಚೆನ್ನಾಗಿ ಓಡಿದರೆ ಏನು?

ಇದಕ್ಕೂ ಉಲ್ಟಾ ಇದೆ. ಸೋಲುವ ತಂಡದಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಹುಡುಗನಿಗೆ ಚೆಂಡು ಬಂದು ಬಂದು ಬೀಳುತ್ತದೆ. 2024ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಗೆದ್ದಿದ್ದು ಮೂರೇ ಪಂದ್ಯ. ಕ್ವಾರ್ಟರ್‌ಬ್ಯಾಕ್ ಡೇನಿಯಲ್ ಜೋನ್ಸ್‌ನನ್ನು ನವೆಂಬರ್‌ನಲ್ಲೇ ಬಿಟ್ಟು ಕಳಿಸಿದರು. ಆಮೇಲೆ ಟಾಮಿ ಡಿವಿಟೊ, ಡ್ರೂ ಲಾಕ್ ಅಂತ ಎಸೆಯುವವರು ಬದಲಾಗುತ್ತಲೇ ಇದ್ದರು. ಆದರೂ ಮಾಲಿಕ್ ನೇಬರ್ಸ್ 15 ಪಂದ್ಯದಲ್ಲಿ 109 ಕ್ಯಾಚ್ ಹಿಡಿದ. 2022ರಲ್ಲಿ ಜೆಟ್ಸ್‌ನ ಗ್ಯಾರೆಟ್ ವಿಲ್ಸನ್ ಕೂಡ ಇಂಥದ್ದೇ ಪರಿಸ್ಥಿತಿಯಲ್ಲಿ 1,103 ಯಾರ್ಡ್ ಗಳಿಸಿ ವರ್ಷದ ಅತ್ಯುತ್ತಮ ಆಕ್ರಮಣ ರೂಕಿ ಪ್ರಶಸ್ತಿ ಗೆದ್ದ.

ಹೀಗಾಗಿ ಈ ಮೂರನೇ ಅಳತೆ ಮೊದಲೆರಡಕ್ಕಿಂತ ಒಳ್ಳೆಯದು. ಸೀಸನ್ ಶುರುವಾಗುವ ಮೊದಲೇ ಕೈಗೆ ಸಿಗುತ್ತದೆ. ಆಗಸ್ಟ್‌ನಲ್ಲಿ ತಂಡದ ಪಟ್ಟಿ ತೆಗೆದು, ಇವನಿಗಿಂತ ಮುಂದೆ ಎಷ್ಟು ಜನ ಅಂತ ಎಣಿಸಿಕೊಂಡರೆ ಆಯಿತು. ತೊಂದರೆ ಏನಂದರೆ ಗಾಯ ಯಾರಿಗೆ ಯಾವಾಗ ಆಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ನಕುವಾಗೆ ಬಾಗಿಲು ತೆರೆದದ್ದು ಹಾಗೇ. ಆಗ ರ‍್ಯಾಮ್ಸ್ ತಂಡದ ಮೊದಲ ರಿಸೀವರ್ ಕೂಪರ್ ಕಪ್. ಅವನು ತೊಡೆ ನೋವಿನಿಂದ ಮೊದಲ ನಾಲ್ಕು ಪಂದ್ಯ ಆಡಲಿಲ್ಲ.

ನಾನು ಆರಿಸಿಕೊಂಡ ಅಳತೆ

ನಕುವಾ ಆ ಬಾಗಿಲಿನಲ್ಲಿ ಹೇಗೆ ಒಳಗೆ ಬಂದ ಅಂತ ನೋಡಿ. ಮೊದಲ ಪಂದ್ಯದಲ್ಲಿ ಅವನ ಕಡೆಗೆ 15 ಚೆಂಡು ಎಸೆದರು, 10 ಹಿಡಿದ. ಎರಡನೆಯದರಲ್ಲಿ 20 ಎಸೆದರು, 15 ಹಿಡಿದ. ಯಾರ್ಡ್ ಎಷ್ಟು ಅನ್ನೋದನ್ನು ಆ ಹೊತ್ತಿಗೆ ಮರೆತುಬಿಡಿ. ಐದನೇ ಸುತ್ತಿನ ಹುಡುಗನ ಕಡೆಗೆ ಎರಡು ವಾರದಲ್ಲಿ 35 ಚೆಂಡು! ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟ್ಯಾಫರ್ಡ್ ಆಗಲೇ 14 ಸೀಸನ್ ಆಡಿದವನು. ನಂಬಿಕೆ ಇಲ್ಲದೆ ಅಂಥವನು ಹಾಗೆ ಎಸೆಯುವುದಿಲ್ಲ. ಮೂರನೇ ವಾರಕ್ಕೇ ಉತ್ತರ ಸಿಕ್ಕಿತ್ತು, ಡಿಸೆಂಬರ್‌ವರೆಗೆ ಕಾಯಬೇಕಿರಲಿಲ್ಲ.

ಅದಕ್ಕೇ ನಾನು ಟಾರ್ಗೆಟ್ ಎಣಿಸುತ್ತೇನೆ. ಜೊತೆಗೆ, ತಂಡ ಪಾಸ್ ಆಡಿದಾಗಲೆಲ್ಲಾ ಇವನು ಅಂಗಳದಲ್ಲಿದ್ದನಾ, ರೂಟ್ ಓಡಿದನಾ ಅಂತ ನೋಡುತ್ತೇನೆ. ಇದು ಒಂದೊಂದು ವಾರವೂ ಬದಲಾಗುವುದನ್ನು ನೋಡುವುದೇ ಖುಷಿ. ಜೆಫರ್ಸನ್ ಮೊದಲ ಎರಡು ಪಂದ್ಯದಲ್ಲಿ 26 ಮತ್ತು 44 ಯಾರ್ಡ್ ಗಳಿಸಿದ್ದ. ಅವನನ್ನು ಶುರುವಿನಿಂದ ಆಡಿಸಿಯೇ ಇರಲಿಲ್ಲ. ಮೂರನೇ ವಾರ ಆಡಿಸಿದರು. ಟೆನೆಸಿ ವಿರುದ್ಧ 175 ಯಾರ್ಡ್.

2024ರ ಐವರನ್ನು ಪಕ್ಕಪಕ್ಕ ಇಟ್ಟರೆ ಈ ಅಳತೆಯ ಬೆಲೆ ತಿಳಿಯುತ್ತದೆ.

ಮಾಲಿಕ್ ನೇಬರ್ಸ್, 6ನೇ ಆಯ್ಕೆ, ಜೈಂಟ್ಸ್: 109 ಕ್ಯಾಚ್, 1,204 ಯಾರ್ಡ್, 7 ಟಚ್‌ಡೌನ್.
ಬ್ರಯಾನ್ ಥಾಮಸ್ ಜೂನಿಯರ್, 23ನೇ ಆಯ್ಕೆ, ಜಾಗ್ವಾರ್ಸ್: 87 ಕ್ಯಾಚ್, 1,282 ಯಾರ್ಡ್, 10 ಟಚ್‌ಡೌನ್.
ಲ್ಯಾಡ್ ಮೆಕಾಂಕಿ, 34ನೇ ಆಯ್ಕೆ, ಚಾರ್ಜರ್ಸ್: 82 ಕ್ಯಾಚ್, 1,149 ಯಾರ್ಡ್, 7 ಟಚ್‌ಡೌನ್.
ಮಾರ್ವಿನ್ ಹ್ಯಾರಿಸನ್ ಜೂನಿಯರ್, 4ನೇ ಆಯ್ಕೆ, ಕಾರ್ಡಿನಲ್ಸ್: 62 ಕ್ಯಾಚ್, 885 ಯಾರ್ಡ್, 8 ಟಚ್‌ಡೌನ್.
ರೋಮ್ ಒಡೂನ್ಝೆ, 9ನೇ ಆಯ್ಕೆ, ಬೇರ್ಸ್: 54 ಕ್ಯಾಚ್, 734 ಯಾರ್ಡ್, 3 ಟಚ್‌ಡೌನ್.

ಸುಮ್ನೆ ಓದಿದರೆ ನೇಬರ್ಸ್ ಎಲ್ಲೋ, ಹ್ಯಾರಿಸನ್ ಎಲ್ಲೋ ಅನ್ನಿಸುತ್ತದೆ. ಈಗ ಟಾರ್ಗೆಟ್ ಸೇರಿಸಿ. ನೇಬರ್ಸ್ ಕಡೆಗೆ 170 ಚೆಂಡು ಬಂದವು, ಹ್ಯಾರಿಸನ್ ಕಡೆಗೆ 116. ಒಂದು ಟಾರ್ಗೆಟ್‌ಗೆ ನೇಬರ್ಸ್ ಗಳಿಸಿದ್ದು 7.1 ಯಾರ್ಡ್, ಹ್ಯಾರಿಸನ್ 7.6. ಸಿಕ್ಕ ಅವಕಾಶದಲ್ಲಿ ನಮ್ಮ ಹುಡುಗ ಹಿಂದೆ ಬಿದ್ದಿರಲಿಲ್ಲ. ಅರಿಜೋನಾದಲ್ಲಿ ಚೆಂಡಿನ ದೊಡ್ಡ ಪಾಲು ಟೈಟ್ ಎಂಡ್ (ಎದುರಾಳಿಯನ್ನು ತಡೆಯುವುದು, ಚೆಂಡು ಹಿಡಿಯುವುದು ಎರಡನ್ನೂ ಮಾಡುವವನು) ಟ್ರೇ ಮೆಕ್‌ಬ್ರೈಡ್‌ಗೆ ಹೋಗುತ್ತಿತ್ತು. ಆ ವರ್ಷ ಅವನದ್ದು 111 ಕ್ಯಾಚ್. ಹಾಗಂತ ನಮ್ಮವನಿಗೆ ಪಕ್ಷಪಾತ ಮಾಡುವುದೂ ಬೇಡ. ಥಾಮಸ್ 133 ಟಾರ್ಗೆಟ್‌ನಲ್ಲಿ 1,282 ಯಾರ್ಡ್ ಗಳಿಸಿದ. ಅಂದರೆ ಪ್ರತಿ ಚೆಂಡಿಗೆ 9.6. ಆ ವರ್ಷ ಅವನು ನಿಜಕ್ಕೂ ಒಂದು ಮೆಟ್ಟಿಲು ಮೇಲಿದ್ದ. ಹ್ಯಾರಿಸನ್ ಬಂದ ಚೆಂಡುಗಳಲ್ಲಿ ಹಿಡಿದಿದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅದು ಸುಧಾರಿಸಬೇಕಾದ ವಿಷಯ.

ಈ ಅಳತೆಗೂ ತಾಳ್ಮೆ ಬೇಕು ಅಂತ ನನಗೆ ಕಲಿಸಿದವನು ಅಮನ್-ರಾ ಸೇಂಟ್ ಬ್ರೌನ್. 2021ರಲ್ಲಿ ನಾಲ್ಕನೇ ಸುತ್ತಿನ 112ನೇ ಆಯ್ಕೆ. ತನಗಿಂತ ಮೊದಲು ಆಯ್ಕೆಯಾದ ಹದಿನಾರೂ ರಿಸೀವರ್‌ಗಳ ಹೆಸರನ್ನು ಸಾಲಾಗಿ ಹೇಳಬಲ್ಲವನು. ಡೆಟ್ರಾಯ್ಟ್ ಲಯನ್ಸ್ ಆ ವರ್ಷ ಡಿಸೆಂಬರ್‌ವರೆಗೆ ಒಂದೂ ಪಂದ್ಯ ಗೆದ್ದಿರಲಿಲ್ಲ. ಮೊದಲ 11 ಪಂದ್ಯದಲ್ಲಿ ಅವನದ್ದು 39 ಕ್ಯಾಚ್, 352 ಯಾರ್ಡ್, ಟಚ್‌ಡೌನ್ ಸೊನ್ನೆ. ಡಿಸೆಂಬರ್ 5ರಂದು ವೈಕಿಂಗ್ಸ್ ವಿರುದ್ಧ ಪಂದ್ಯದ ಕೊನೇ ಆಟ. ಗಡಿಯಾರದಲ್ಲಿ ಸಮಯವೇ ಉಳಿದಿಲ್ಲ. ಜ್ಯಾರೆಡ್ ಗಾಫ್ 11 ಯಾರ್ಡಿನಿಂದ ಎಸೆದ, ಸೇಂಟ್ ಬ್ರೌನ್ ಹಿಡಿದ. ತಂಡದ ಮೊದಲ ಗೆಲುವು, ಅವನ ಮೊದಲ ಟಚ್‌ಡೌನ್. ಆ ಪಂದ್ಯವೂ ಸೇರಿ ಕೊನೆಯ ಆರರಲ್ಲಿ 51 ಕ್ಯಾಚ್, 560 ಯಾರ್ಡ್, 5 ಟಚ್‌ಡೌನ್. ನವೆಂಬರ್‌ನಲ್ಲಿ ಅವನ ಬಗ್ಗೆ ತೀರ್ಪು ಕೊಟ್ಟವರು ಜನವರಿಯಲ್ಲಿ ಅದನ್ನು ವಾಪಸು ತಗೊಂಡರು.

ಕೈಬಿಟ್ಟ ಚೆಂಡಿನ ಬಗ್ಗೆ

ಅಭಿಮಾನಿಗಳ ಸಿಟ್ಟು ಮೊದಲು ಏರುವುದು ಇಲ್ಲೇ. ಹುಡುಗ ಚೆಂಡು ಕೈಬಿಟ್ಟ ಕೂಡಲೇ ಸ್ಟೇಡಿಯಂ ಪೂರ್ತಿ ಹೋ ಅನ್ನುತ್ತದೆ. ಇದನ್ನು ಒಂದು ಅಳತೆ ಅಂತಲೇ ಬಳಸುವವರಿದ್ದಾರೆ. ದಯವಿಟ್ಟು ಬೇಡ.

ಚೇಸ್ 2021ರ ಆಗಸ್ಟ್‌ನಲ್ಲಿ ಅಭ್ಯಾಸ ಪಂದ್ಯಗಳಲ್ಲಿ ಸಾಲಾಗಿ ಚೆಂಡು ಕೈಬಿಟ್ಟ. ಕೋವಿಡ್ ವರ್ಷ ಕಾಲೇಜಿನಲ್ಲಿ ಆಡದೆ ಕೂತಿದ್ದ ಬೇರೆ. ಕೇಳಿದಾಗ, ಇಲ್ಲಿನ ಚೆಂಡು ಬೇರೆ ಥರ ಇದೆ, ಬಿಳಿ ಪಟ್ಟಿ ಇಲ್ಲದ್ದರಿಂದ ಬರುವುದು ಬೇಗ ಕಾಣುವುದಿಲ್ಲ ಅಂದ. ಜನ ನಕ್ಕರು. ಆದರೆ ಆ ಮಾತು ನಿಜ. ಕಾಲೇಜಿನ ಚೆಂಡಿನಲ್ಲಿ ಎರಡೂ ತುದಿಯ ಹತ್ತಿರ ಬಿಳಿ ಪಟ್ಟಿ ಇರುತ್ತದೆ. ಚೆಂಡು ತಿರುಗುತ್ತಾ ಬರುವಾಗ ಕಣ್ಣು ಅದನ್ನೇ ಹಿಡಿಯುತ್ತದೆ. ಎನ್‌ಎಫ್‌ಎಲ್ ಚೆಂಡು ಪೂರ್ತಿ ಕಂದು. ಸೀಸನ್ನಿನ ಮೊದಲ ಪಂದ್ಯದಲ್ಲೇ ಚೇಸ್ 101 ಯಾರ್ಡ್ ಗಳಿಸಿದ. ಅದರಲ್ಲಿ 50 ಯಾರ್ಡಿನ ಒಂದು ಟಚ್‌ಡೌನ್ ಕೂಡ ಇತ್ತು.

ಬದಲಾಗುವುದು ಚೆಂಡು ಒಂದೇ ಅಲ್ಲ. ಕಾಲೇಜಿನಲ್ಲಿ ಅಂಚಿನ ಗೆರೆಯ ಹತ್ತಿರ ಒಂದು ಕಾಲು ಒಳಗಿದ್ದರೆ ಕ್ಯಾಚ್. ಇಲ್ಲಿ ಎರಡೂ ಕಾಲು ಒಳಗೆ ಊರಬೇಕು. ಹದಿನೈದು ವರ್ಷ ಅಭ್ಯಾಸವಾದ ಕಾಲಿಗೆ ಹೊಸದಾಗಿ ಕಲಿಸಬೇಕು. ಗಾಳಿಯಲ್ಲಿ ಮೈ ಪೂರ್ತಿ ಗೆರೆಯಾಚೆ ವಾಲಿರುವಾಗ ಎರಡನೇ ಕಾಲಿನ ಹೆಬ್ಬೆರಳನ್ನು ಹುಲ್ಲಿಗೆ ತಾಗಿಸಿ ಎಳೆಯುವುದಿದೆಯಲ್ಲ, ಅದನ್ನು ಹತ್ತಿರದಿಂದ ಒಮ್ಮೆ ನೋಡಿದರೆ ಯಾರೂ ಆಮೇಲೆ ಹೋ ಅನ್ನಲಾರರು. ಜೊತೆಗೆ, ಮೊದಲ ಐದು ಯಾರ್ಡಿನೊಳಗೆ ಎದುರಾಳಿ ಎದೆಗೆ ಕೈಯಿಟ್ಟು ತಳ್ಳಬಹುದು. ಆ ತಳ್ಳಾಟದಿಂದ ಅರ್ಧ ಸೆಕೆಂಡ್ ತಡವಾದರೂ ಸಾಕು. ಕ್ವಾರ್ಟರ್‌ಬ್ಯಾಕ್ ಲೆಕ್ಕ ಹಾಕಿ ಎಸೆದ ಚೆಂಡು ಖಾಲಿ ಜಾಗದಲ್ಲಿ ಬೀಳುತ್ತದೆ. ನೋಡುವವರಿಗೆ ಎಸೆದದ್ದೇ ತಪ್ಪು ಅನ್ನಿಸುತ್ತದೆ, ಅಥವಾ ಹುಡುಗ ನಿಧಾನ ಅನ್ನಿಸುತ್ತದೆ.

ಈ ಆಟದ ಅತಿ ದೊಡ್ಡ ರಿಸೀವರ್ ಅಂತ ಹೆಚ್ಚಿನವರು ಒಪ್ಪುವ ಜೆರ್ರಿ ರೈಸ್‌ಗೂ ಇದು ತಪ್ಪಲಿಲ್ಲ. 1985ರಲ್ಲಿ ಮಿಸಿಸಿಪಿ ವ್ಯಾಲಿ ಸ್ಟೇಟ್ ಎಂಬ ಸಣ್ಣ ಕಾಲೇಜಿನಿಂದ, ಆಗಷ್ಟೇ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದಿದ್ದ ಸ್ಯಾನ್ ಫ್ರಾನ್ಸಿಸ್ಕೋ ತಂಡಕ್ಕೆ ಬಂದ. ಚೆಂಡು ಕೈಬಿಟ್ಟ. ಸ್ವಂತ ತಂಡದ ಅಭಿಮಾನಿಗಳೇ ಕೂಗಾಡಿದರು. ಡಿಸೆಂಬರ್ 9ರ ಸೋಮವಾರ ರಾತ್ರಿ ರ‍್ಯಾಮ್ಸ್ ವಿರುದ್ಧ 10 ಕ್ಯಾಚ್, 241 ಯಾರ್ಡ್. ಸೀಸನ್ ಮುಗಿದಾಗ 927. ಸಾವಿರದ ಗೆರೆ ಮುಟ್ಟಲಿಲ್ಲ. ಮುಂದಿನ ವರ್ಷ 1,570. ನಿವೃತ್ತನಾದಾಗ 22,895.

ನಿಮ್ಮ ತಂಡಕ್ಕೆ ಯಾವುದು ಹೊಂದುತ್ತದೆ?

ಇದು ನನ್ನ ಅಂದಾಜು, ಲೀಗಿನ ನಿಯಮವೇನಲ್ಲ. ನಿಮ್ಮ ತಂಡ ಸೋತು ಸೋತು ಮೊದಲ ಹತ್ತರೊಳಗೆ ರಿಸೀವರ್ ತಂದಿದ್ದರೆ, ಅಲ್ಲಿ ಬೇರೆ ದೊಡ್ಡ ಹೆಸರೂ ಇಲ್ಲದಿದ್ದರೆ, ಮೊದಲ ವಾರದಿಂದಲೇ ಪಂದ್ಯಕ್ಕೆ ಏಳೆಂಟು ಟಾರ್ಗೆಟ್ ಕೇಳಬಹುದು. ಕ್ಯಾಚ್ ಜಾಸ್ತಿ ಇರುತ್ತದೆ, ಟಚ್‌ಡೌನ್ ಕಮ್ಮಿ ಇರುತ್ತದೆ. ಗೆಲುವಿನ ಸಂಖ್ಯೆಯನ್ನು ಮಾತ್ರ ಇವನ ತಲೆಗೆ ಕಟ್ಟಬೇಡಿ. ಜೈಂಟ್ಸ್‌ಗೆ 109 ಕ್ಯಾಚ್ ಸಿಕ್ಕರೂ 14 ಪಂದ್ಯ ಸೋತಿತು.

ಒಳ್ಳೆಯ ತಂಡ ಮೊದಲ ಸುತ್ತಿನ ಕೊನೆಗೆ ಆರಿಸಿದ ಹುಡುಗನಾದರೆ ಅಕ್ಟೋಬರ್‌ವರೆಗೆ ಏನೂ ಕೇಳಬೇಡಿ. ಕಾನ್ಸಾಸ್ ಸಿಟಿಯ ಝೇವಿಯರ್ ವರ್ಥಿ 4.21 ಸೆಕೆಂಡಿನಲ್ಲಿ 40 ಯಾರ್ಡ್ ಓಡಿ ರಾಸ್‌ನ ದಾಖಲೆ ಮುರಿದವನು, 28ನೇ ಆಯ್ಕೆ. 2024ರ ಸೀಸನ್ನಿನಲ್ಲಿ 638 ಯಾರ್ಡ್ ಅಷ್ಟೇ. ಆದರೆ ಸೂಪರ್ ಬೌಲ್‌ನಲ್ಲಿ ತಂಡ ಕುಸಿದು ಬಿದ್ದಾಗ 157 ಯಾರ್ಡ್, ಎರಡು ಟಚ್‌ಡೌನ್ ಅವನದ್ದೇ. ಇಂಥವರನ್ನು ವರ್ಷದ ಮೊದಲ ಭಾಗದಿಂದ ಅಳೆದರೆ ಮೋಸ ಹೋಗುತ್ತೀರಿ.

ನನ್ನನ್ನು ಕೇಳಿದರೆ, ಕಮ್ಮಿ ಆಸೆಯಿಟ್ಟು ಜಾಸ್ತಿ ಖುಷಿ ಪಡಬಹುದಾದ ಜಾಗ ಎರಡನೇ ಸುತ್ತು. 2019ರಲ್ಲಿ ನ್ಯೂ ಇಂಗ್ಲೆಂಡ್ ಮೊದಲ ಸುತ್ತಿನ ಕೊನೇ ಆಯ್ಕೆಯಲ್ಲಿ ನಕೀಲ್ ಹ್ಯಾರಿಯನ್ನು ತೆಗೆದುಕೊಂಡಿತು, ಮೊದಲ ವರ್ಷ ಅವನು 12 ಕ್ಯಾಚ್. ಅವನ ನಂತರ 51ರಲ್ಲಿ ಬಂದ ಎಜೆ ಬ್ರೌನ್ 1,051 ಯಾರ್ಡ್, 64ರಲ್ಲಿ ಬಂದ ಮೆಟ್‌ಕಾಫ್ 900. ಮೂರನೇ ಸುತ್ತಿನ ಆಚೆಗೆ ಬಂದವರಾದರೆ ಮೊದಲ ವರ್ಷ ತಂಡದಲ್ಲಿ ಉಳಿದುಕೊಂಡರೆ ಅದೇ ಗೆಲುವು. ನಕುವಾ, ಸೇಂಟ್ ಬ್ರೌನ್ ಹೆಸರು ಹೇಳಿ ಅವರ ಮೇಲೆ ಭಾರ ಹೊರಿಸಬೇಡಿ.

ಫ್ಯಾಂಟಸಿ ಲೀಗ್ ಆಡುವವರ ಲೆಕ್ಕ ಸ್ವಲ್ಪ ಬೇರೆ. ಅವರಿಗೆ ಈ ವಾರದ ಅಂಕ ಬೇಕು. ಆದರೂ ಮೂರನೇ ವಾರಕ್ಕೆ ರೂಕಿಯನ್ನು ಕೈಬಿಡುವ ಮೊದಲು ಟಾರ್ಗೆಟ್ ಏರುತ್ತಿದೆಯಾ ಅಂತ ಒಮ್ಮೆ ನೋಡಿ. ಏರುತ್ತಿದ್ದರೆ ಇಟ್ಟುಕೊಳ್ಳಿ.

ಊರಿನಿಂದ ನೋಡುವವರಿಗೆ ಒಂದು ಕಷ್ಟ ಇದೆ. ರಾತ್ರಿ ನಿದ್ದೆ ಕೆಡಿಸಿಕೊಳ್ಳಲು ಆಗದೆ ಹೆಚ್ಚಿನವರು ಬೆಳಗ್ಗೆ ಹೈಲೈಟ್ಸ್ ನೋಡುತ್ತಾರೆ. ಹೈಲೈಟ್ಸ್‌ನಲ್ಲಿ ಚೆಂಡು ಎಲ್ಲಿ ಹೋಯಿತೋ ಅಷ್ಟೇ ಕಾಣುತ್ತದೆ. ಟಿವಿಯಲ್ಲೂ ಅಷ್ಟೇ, ಕ್ಯಾಮೆರಾ ಕ್ವಾರ್ಟರ್‌ಬ್ಯಾಕ್ ಮೇಲಿರುತ್ತದೆ, ರಿಸೀವರ್ ಮೂರು ಹೆಜ್ಜೆಗೇ ಪರದೆಯಿಂದ ಆಚೆ ಹೋಗಿರುತ್ತಾನೆ. ಎತ್ತರದಿಂದ ಇಪ್ಪತ್ತೆರಡೂ ಜನರನ್ನು ಒಟ್ಟಿಗೆ ತೋರಿಸುವ ಆಲ್-22 ದೃಶ್ಯ ಸಿಕ್ಕರೆ ವಾರಕ್ಕೆ ಒಂದು ಹತ್ತು ಆಟ ನೋಡಿ. ಚೆಂಡು ಬಿಟ್ಟು ನಿಮ್ಮ ಹುಡುಗನನ್ನೇ ನೋಡಿ.

ಗ್ಲೆಂಡೇಲ್‌ನಲ್ಲಿ ಅವತ್ತು ನಾನು ಹಾಗೇ ನೋಡಿದೆ. ಹ್ಯಾರಿಸನ್‌ನ ನಾಲ್ಕೂ ಕ್ಯಾಚ್ ಮೊದಲ ಕ್ವಾರ್ಟರಿನಲ್ಲೇ ಮುಗಿದಿದ್ದವು. ಆಮೇಲೆ ಮೂರು ಕ್ವಾರ್ಟರ್ ಒಂದೂ ಇಲ್ಲ. ಕಾರ್ಡಿನಲ್ಸ್ 41-10ರಲ್ಲಿ ಗೆಲ್ಲುತ್ತಿತ್ತು, ಎಸೆಯುವ ಅವಸರ ಯಾರಿಗೂ ಇರಲಿಲ್ಲ. ಸುತ್ತಲಿನವರು ಪಾಪ್‌ಕಾರ್ನ್ ತರಲು ಎದ್ದರು. 18ನೇ ನಂಬರ್ ಮಾತ್ರ ಪ್ರತಿ ಸಲ ಗೆರೆಗೆ ಬಂದು ನಿಂತ, ಓಡಿದ, ತಿರುಗಿದ, ವಾಪಸು ನಡೆದು ಬಂದ. ಗೆಳೆಯ ಕೇಳಿದ, "ಅವನ ಕಡೆ ಚೆಂಡೇ ಬರ್ತಿಲ್ಲ, ಏನು ನೋಡ್ತಿದೀಯ?" ನಾನು ಕೈ ತೋರಿಸಿದೆ. ಮುಂದಿನ ಆಟದಲ್ಲಿ ಅವನೂ ಚೆಂಡು ಬಿಟ್ಟು ಆ ಕಡೆ ನೋಡಿದ.